ತಗಡು ಬ್ಯಾಂಡಿನ ಬಿಕ್ಕಳಿಕೆ

ನಮ್ಮೂರಲ್ಲಿ ಯಾರಾದರೂ ಒಂದು ಹಾಡು ಕಟ್ಟಿದರೆ, ಯಾರನ್ನು ನೆನೆದು ಕಟ್ಟಿದರೋ ಅವರಿಗೆ ಆ ಹಾಡು ಹಾಡಿದಾಗಲೆಲ್ಲ ಬಿಕ್ಕಳಿಕೆ ಬರುತ್ತದೆ. ಹಾಡುವವರು ಯಾರೇ ಇರಲಿ, ಎಲ್ಲೇ ಇರಲಿ. ಹಾಡು ಮುಗಿಯುವ ತನಕ ನೀರು ಕುಡಿದರೂ ನಿಲ್ಲುವುದಿಲ್ಲ, ಸಕ್ಕರೆ ಮುಕ್ಕಿದರೂ ನಿಲ್ಲುವುದಿಲ್ಲ. ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡರು ಅಂತ ನಕ್ಕು ಸುಮ್ಮನಾಗುತ್ತಾರಂತೆ. ನಮ್ಮಲ್ಲಿ ಅದಕ್ಕೆ ಹಿರಿಯರು ಜಗಲಿಯ ಮೇಲೆ ಸೇರುತ್ತಾರೆ.

ಹೀಗಾಗಿ ನಾವು ಹಾಡಿನ ವಿಷಯದಲ್ಲಿ ಸ್ವಲ್ಪ ಎಚ್ಚರದ ಜನ. ಮೇಲಿನ ಕೇರಿಯಲ್ಲಿ ಒಬ್ಬ ತಂದೆ ತನ್ನ ಮಗುವಿಗೆ ಜೋಗುಳ ಕಟ್ಟಿ ಹಾಡಿದಾಗ ಎದುರು ಮನೆಯ ತೊಟ್ಟಿಲಲ್ಲಿದ್ದ ಮಗು ಬಿಕ್ಕಳಿಸಿ, ಎರಡು ಸಂಸಾರಗಳು ಮೂರಾಬಟ್ಟೆಯಾದದ್ದು ಎಲ್ಲರಿಗೂ ನೆನಪಿದೆ. ಪುರಸಭೆಯ ಅಧ್ಯಕ್ಷರು ತಮ್ಮ ಹೆಸರಿನ ಮೇಲೆ ಒಂದು ಪ್ರಚಾರಗೀತೆ ಬರೆಸಿ, ಬಿಕ್ಕಳಿಸಲು ಸಿದ್ಧರಾಗಿ ವೇದಿಕೆಯ ಮೇಲೆ ಕೂತಿದ್ದರೆ, ಬಿಕ್ಕಳಿಕೆ ಹೋಗಿ ಹೋಟೆಲಿನ ಸುಬ್ರಾಯರಿಗೆ ಹತ್ತಿಕೊಂಡಿತು. ಕವಿ ಹಾಡು ಬರೆಯುವಾಗ ಅವರ ಅಂಗಡಿಯ ಬಾದಾಮಿ ಹಲ್ವ ತಿನ್ನುತ್ತಿದ್ದನಂತೆ. ಇನ್ನು ಮದುವೆಗಳಲ್ಲಂತೂ ಬಿಕ್ಕುಶಾಸ್ತ್ರ ಎಂದೇ ಒಂದು ಶಾಸ್ತ್ರವಿದೆ. ಗಂಡು ಹಾಡು ಕಟ್ಟಿ ಹಾಡಬೇಕು, ಹೆಣ್ಣು ಹಿರಿಯರ ಮುಂದೆ ಬಿಕ್ಕಳಿಸಬೇಕು. ಗಂಡುಗಳ ಯೋಗ್ಯತೆ ತಿಳಿದ ನಮ್ಮ ಅತ್ತೆಯಂದಿರು, ಚಿಕ್ಕಮ್ಮಂದಿರು ಹುಡುಗಿಯರಿಗೆ ಮೊದಲೇ ಕಳ್ಳ ಬಿಕ್ಕಳಿಕೆ ಕಲಿಸಿಬಿಡುತ್ತಾರೆ. ಇದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ನನ್ನ ಮದುವೆಯಲ್ಲಿ ನಾನು ಬಿಕ್ಕಳಿಸಿದ್ದನ್ನು ಜನ ಇವತ್ತಿಗೂ ಹೊಗಳುತ್ತಾರೆ. ಆ ವಿಷಯ ಈಗ ಬೇಡ.

ನಾನು ಪಂಕಜಾಕ್ಷಿ. ಊರಿಗೆಲ್ಲ ಪಂಕಜಕ್ಕ. ಬದುಕಿರುವವರ ಜೀವನಚರಿತ್ರೆ ಬರೆಯುವುದು ನನ್ನ ಕಸುಬು. ಊರಲ್ಲಿ ಯಾರಿಗಾದರೂ ಅರವತ್ತು ತುಂಬಿದರೆ ಜನ ಮೊದಲು ಶಾಮಿಯಾನದವರ ಹತ್ತಿರ ಹೋಗುತ್ತಾರೆ, ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬರುತ್ತಾರೆ. ತಗಡು ಬ್ಯಾಂಡಿನ ಬೆಳ್ಳಿಹಬ್ಬ ಬಂದಾಗಲೂ ಹಾಗೇ ಆಯಿತು. ಹಬ್ಬದ ಸಮಿತಿಯ ಅಧ್ಯಕ್ಷರು ಪಂಪ್‌ಸೆಟ್ ಅಂಗಡಿಯ ಗುರುಸಿದ್ದಪ್ಪನವರು. ಅವರು ಬಂದು ಕುರ್ಚಿಯ ತುದಿಯಲ್ಲಿ ಕೂತು, "ಅಕ್ಕಾ, ನಮ್ಮೂರಿಗಿರೋದು ಒಂದೇ ರಾಕ್ ಬ್ಯಾಂಡು. ಅವರ ಚರಿತ್ರೆ ಆಗ್ಬೇಕು. ಮುಖ್ಯವಾಗಿ ಆ ಹಾಡು ಹುಟ್ಟಿದ್ದು ಹೆಂಗೆ ಅನ್ನೋ ಅಧ್ಯಾಯ ಜೋರಾಗಿರ್ಬೇಕು," ಎಂದರು.

ಆ ಹಾಡು ಎಂದರೆ ಯಾವುದೆಂದು ನಮ್ಮಲ್ಲಿ ಕೇಳಬೇಕಾಗಿಲ್ಲ. ಹಳೆಯ ಅಕ್ಕಿ ಗಿರಣಿಯ ತಗಡಿನ ಶೆಡ್ಡಿನಲ್ಲಿ ಗಲಾಟೆ ಮಾಡಿಕೊಂಡಿದ್ದ ಮೂವರನ್ನು ಮನೆಮನೆಯ ಹೆಸರಾಗಿಸಿದ್ದೇ ಆ ಹಾಡು. "ಒಲೆಯ ಮೇಲೆ ಹಾಲಿದೆ, ಉಕ್ಕುವ ಮೊದಲು ಬಾ, ಬೀದಿಗೆಲ್ಲ ನಿದ್ದೆ ಬಂತು, ನಾನು ಸೋಲುವ ಮೊದಲು ಬಾ." ಇದನ್ನು ಹಾಡುವಾಗ ಬ್ಯಾಂಡಿನ ಹಾಡುಗಾರ ತ್ರಿಯಂಬಕನ ದನಿ ಪ್ರತಿ ಸಾಲಿನ ನಡುವೆ ಫಕ್ಕನೆ ಮುರಿದು ಮತ್ತೆ ಕೂಡಿಕೊಳ್ಳುತ್ತದೆ. ಆ ಮುರುಕಿಗೆ ಊರು ಮರುಳಾಗಿತ್ತು. ಸಂಗೀತಶಾಲೆಯಲ್ಲಿ ಅದನ್ನು 'ತ್ರಿಯಂಬಕ ಮುರುಕು' ಎಂದು ಪಾಠ ಮಾಡುತ್ತಾರೆ. ಅದರಲ್ಲಿ ಇಡೀ ನಾಗರಿಕತೆಯ ವಿರಹವಿದೆ ಎಂದು ಕಾಲೇಜಿನ ಪ್ರೊಫೆಸರೊಬ್ಬರು ಪ್ರಬಂಧ ಬರೆದು ಡಾಕ್ಟರಾದರು. ಅವನು ಹಾಡುತ್ತಿದ್ದಂತೆ ಮುಂದಿನ ಸಾಲಿನಲ್ಲಿ ಕೂತ ಅವನ ಹೆಂಡತಿ ವಿಶಾಲಾಕ್ಷಿ ಸೆರಗು ಬಾಯಿಗಿಟ್ಟು ಬಿಕ್ಕಳಿಸುತ್ತಾಳೆ. ಆಗ ಊರಿನ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರನ್ನು ತಿರುಗಿ ನೋಡುತ್ತಾರೆ.

ನಾನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹಾಡು ಕಟ್ಟುವ ಗುಟ್ಟು ಕೇಳಿದೆ. ಗಿಟಾರಿನ ದೇವಿದಾಸ, ಹಾಡಿಗೆ ಮೊದಲು ರಾಗ ಬರಬೇಕು, ಮಾತು ಆಮೇಲೆ ಮದುವೆಗೆ ಬಂದ ನೆಂಟರ ಹಾಗೆ ಸಿಕ್ಕಿದ ಕಡೆ ಕೂತುಕೊಳ್ಳುತ್ತದೆ ಎಂದ. ಡ್ರಮ್ಮಿನ ಫಕೀರಪ್ಪ, "ಪ್ರಾಸ ಸಿಗೋ ತನಕ ಚಾ ಕುಡೀಬೇಕು ಅಕ್ಕಾ, ಸಿಕ್ಕ ಮೇಲೆ ಊಟಕ್ಕೆ ಹೋಗ್ಬೇಕು. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ," ಎಂದ. ತ್ರಿಯಂಬಕ ಮಾತ್ರ ಕಣ್ಣು ಮುಚ್ಚಿಕೊಂಡು, "ಹಾಡು ನಾವು ಬರೆಯೋದಲ್ಲ ಪಂಕಜಕ್ಕಾ. ಅದು ನಮ್ಮದಲ್ಲ. ಎಲ್ಲಿಂದಲೋ ಬರುತ್ತೆ, ನಮ್ಮ ಮೂಲಕ ಹರಿದು ಹೋಗುತ್ತೆ. ನಾವು ಬರೀ ಕೊಳವೆ," ಎಂದ. ಈ ಕೊಳವೆಯ ಮಾತನ್ನು ಅವನು ವರ್ಷಗಳಿಂದ ಎಲ್ಲ ಸಭೆಯಲ್ಲೂ ಹೇಳುತ್ತ ಬಂದಿದ್ದಾನೆ. ಗುರುಸಿದ್ದಪ್ಪನವರಿಗೆ ಅದು ಎಷ್ಟು ಹಿಡಿಸಿತ್ತೆಂದರೆ ತಮ್ಮ ಅಂಗಡಿಯ ಬೋರ್ಡಿನ ಮೇಲೂ ಬರೆಸಿಕೊಂಡಿದ್ದರು.

"ಆಯ್ತಪ್ಪ, ಆ ಹಾಲಿನ ಹಾಡು ಯಾವಾಗ ಹರಿದು ಬಂತು?" ಎಂದು ಕೇಳಿದೆ.

"ಬೆಟ್ಟದ ಮೇಲೆ. ಬೆಳದಿಂಗಳು. ವಿಶಾಲು ನೆನಪಾದ್ಲು. ಹಾಗೇ ಸುರಿದುಬಿಡ್ತು," ಎಂದ.

ಬೆಟ್ಟದ ಮೇಲೆ ಕೂತವನಿಗೆ ಒಲೆಯ ಮೇಲಿನ ಹಾಲು ಯಾಕೆ ಕಂಡಿತು ಎಂದು ಕೇಳಬೇಕೆನ್ನಿಸಿತು. ಆದರೆ ಬದುಕಿರುವವರ ಚರಿತ್ರೆ ಬರೆಯುವವಳಿಗೆ ನಾಲಿಗೆ ಹಿಡಿತದಲ್ಲಿರಬೇಕು. ಬೆಟ್ಟ ಎಂದು ಬರೆದುಕೊಂಡೆ.

ಗುಟ್ಟು ರಟ್ಟಾದದ್ದು ಒಂದು ಮೆಣಸಿನಕಾಯಿ ಬಜ್ಜಿಯಿಂದ. ಒಂದು ಮಧ್ಯಾಹ್ನ ಶೆಡ್ಡಿಗೆ ಹೋಗಿದ್ದೆ. ತ್ರಿಯಂಬಕ ಮೂಲೆಯ ಬೆಂಚಿನಲ್ಲಿ ಕೂತು ಬಜ್ಜಿ ತಿನ್ನುತ್ತ ಚಾ ಕುಡಿಯುತ್ತಿದ್ದ. ಫಕೀರಪ್ಪ ನೆಲದ ಮೇಲೆ ಕೂತು ಡ್ರಮ್ಮಿನ ತಿರುಪು ಬಿಗಿ ಮಾಡುತ್ತ, ತನಗೇ ಅರಿವಿಲ್ಲದೆ, "ಒಲೆಯ ಮೇಲೆ ಹಾಲಿದೆ" ಎಂದು ಶುರು ಮಾಡಿದ. ಬೆಂಚಿನ ಕಡೆಯಿಂದ 'ಹಿಕ್' ಎಂದಿತು. ಚಾ ಅಂಗಿಯ ಮೇಲೆ ಚೆಲ್ಲಿತು.

"ಥೂ, ಖಾರ ಜಾಸ್ತಿ ಹಾಕಿದ್ದಾನೆ," ಎಂದ ತ್ರಿಯಂಬಕ.

ಫಕೀರಪ್ಪ ತಿರುಪು ಸಿಕ್ಕದೆ ಹಾಡು ನಿಲ್ಲಿಸಿದ. ಬಿಕ್ಕಳಿಕೆಯೂ ನಿಂತಿತು. ನನಗೆ ತಡೆಯಲಾಗಲಿಲ್ಲ. ಕಿಟಕಿಯ ಕಡೆ ತಿರುಗಿ, ಏನೂ ಅರಿಯದವಳ ಹಾಗೆ "ಉಕ್ಕುವ ಮೊದಲು ಬಾ" ಎಂದೆ. ಹಿಕ್. ನಿಲ್ಲಿಸಿದೆ, ನಿಂತಿತು. "ಬೀದಿಗೆಲ್ಲ ನಿದ್ದೆ ಬಂತು" ಎಂದೆ. ಹಿಕ್. ತ್ರಿಯಂಬಕ ಕೈಯಲ್ಲಿದ್ದ ಬಜ್ಜಿಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಏನೋ ಕೆಲಸ ನೆನಪಾಯಿತೆಂದು ಎದ್ದು ಹೋದ. ಪ್ರೊಫೆಸರ ನಾಗರಿಕತೆಯ ವಿರಹ ಅಂಗಿಯ ಮೇಲೆ ಚಾ ಚೆಲ್ಲಿಕೊಂಡು ಬಿಸಿಲಲ್ಲಿ ನಡೆಯುವುದನ್ನು ನಾನು ನೋಡುತ್ತ ನಿಂತೆ.

ಅಲ್ಲಿಂದ ಸೀದಾ ಅವನ ಮನೆಗೇ ಹೋದೆ. ವಿಶಾಲಾಕ್ಷಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ತಿದ್ದುತ್ತಿದ್ದಳು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

"ವಿಶಾಲೂ, ಆ ಹಾಡಿಗೆ ತ್ರಿಯಂಬಕನಿಗೆ ಬಿಕ್ಕಳಿಕೆ ಬರುತ್ತಲ್ಲ. ನಿನಗೆ ಗೊತ್ತಾ?"

ಅವಳು ಕೆಂಪು ಪೆನ್ನು ಮುಚ್ಚಿಟ್ಟಳು. "ಗೊತ್ತಿಲ್ದೆ ಏನಕ್ಕಾ. ಗಂಡ ಅಲ್ವಾ," ಎಂದಳು.

"ಹಾಗಾದ್ರೆ ಕಟ್ಟಿದ್ದು ನೀನು."

"ಮದುವೆಯಾದ ಹೊಸದು. ದಿನಾ ಶೆಡ್ಡಿಂದ ತಡವಾಗಿ ಬರೋರು. ಹಾಲು ಬಿಸಿ ಮಾಡಿ ಮಾಡಿ ಸಾಕಾಗಿ, ಒಲೆ ಮುಂದೆ ನಿಂತ್ಕೊಂಡು ನನ್ನ ಪಾಡಿಗೆ ಹೇಳ್ಕೋತಿದ್ದೆ. ಬಾಗಿಲ ಹೊರಗೆ ನಿಂತು ಕೇಳಿಸ್ಕೊಂಡ್ರು. ಒಳಗೆ ಬಂದು, 'ಒಂದು ಸಾಲು ಚೆನ್ನಾಗಿದೆ ಕಣೇ, ತಗೊಳ್ಲಾ?' ಅಂದ್ರು. ಒಂದು ಸಾಲು ತಾನೇ ಅಂತ ಹೂಂ ಅಂದೆ."

ಒಂದು ಲೋಟ ಮಜ್ಜಿಗೆ ಕೇಳಲು ಬಂದವನು ಎಮ್ಮೆಯನ್ನೇ ಬಿಚ್ಚಿಕೊಂಡು ಹೋಗಿದ್ದ. ಮೊದಲ ಕಛೇರಿಯಲ್ಲಿ ತ್ರಿಯಂಬಕ ಹಾಡುತ್ತ ಬಿಕ್ಕಳಿಸಿದಾಗ ಜನ ಅದನ್ನು ಹೊಸ ಶೈಲಿಯೆಂದುಕೊಂಡು ಕುಣಿದರು. ಅದೇ ಹೊತ್ತಿಗೆ ಎಲ್ಲರ ಕಣ್ಣೂ ಹೊಸ ಹೆಂಡತಿಯ ಮೇಲೆ ಬಿತ್ತು. ಪಕ್ಕದಲ್ಲಿದ್ದ ಸೋದರತ್ತೆ ತೊಡೆ ಚಿವುಟಿ, "ಮಾನ ಹೋಗುತ್ತೆ, ಬಿಕ್ಕಳಿಸೇ," ಎಂದಳು. ಇವಳು ಬಿಕ್ಕಳಿಸಿದಳು. ಅವತ್ತಿಗಷ್ಟೇ ಎಂದುಕೊಂಡಿದ್ದಳಂತೆ.

"ಆಮೇಲೆ ಕೇಳಲಿಲ್ವಾ ನೀನು?"

"ಕೇಳ್ದೆ. ಮುಂದಿನ ಸಲ ಹೇಳ್ತೀನಿ ಅಂದ್ರು. ಆಮೇಲೆ ಸಂಗೀತಶಾಲೇಲಿ ಪಾಠ ಆಯ್ತು. ಪಾಠ ಆದ್ಮೇಲೆ ಹೇಗೆ ಹೇಳ್ಲಿ ಅಂದ್ರು. ಒಂದಿಷ್ಟು ದಿನ ಆದ್ಮೇಲೆ ಅವರೇ ಬರೆದಿದ್ದು ಅಂತ ಅವರಿಗೇ ನಂಬಿಕೆ ಬಂದುಬಿಡ್ತು. ನಾನು ನೆನಪು ಮಾಡಿದ್ರೆ ಕೋಪ ಬರೋದು." ಅವಳು ನಕ್ಕಳು. "ಲೆಕ್ಕದಲ್ಲಿ ಪಕ್ಕದವಳದ್ದು ನೋಡಿ ಬರೆದ ಹುಡುಗಿಯರೂ ಹೀಗೇ ಅಕ್ಕಾ. ಕೊನೆಗೆ ಅತ್ತುಬಿಡ್ತಾರೆ, ನಾನೇ ಮಾಡಿದ್ದು ಮಿಸ್ ಅಂತ."

ನನಗೆ ಸಿಟ್ಟು ಬಂದಿತ್ತು. ಅಧ್ಯಾಯವನ್ನು ಇದ್ದದ್ದು ಇದ್ದ ಹಾಗೆ ಬರೆದುಬಿಡುತ್ತೇನೆ ಎಂದೆ. ಅವಳು ಬೇಡವೆಂದಳು.

"ನೀವು ಬರೆದ್ರೆ ನೀವು ಹೇಳಿದ ಹಾಗಾಗುತ್ತೆ. ಅವರು ಹೇಳ್ಬೇಕು. ಅವರ ಬಾಯಿಂದ, ಮೈಕಲ್ಲಿ. ನನಗೆ ಬೇಕಾಗಿರೋದು ಅಷ್ಟೇ."

"ಅವನು ಹೇಳದಿದ್ರೆ?"

"ಬೆಳ್ಳಿಹಬ್ಬದ ದಿನ ನಾನು ಬಿಕ್ಕಳಿಸಲ್ಲ. ಸಾಕಾಗಿದೆ ಅಕ್ಕಾ. ಪಕ್ಕೆ ನೋಯುತ್ತೆ."

ಆ ಮಾತನ್ನು ಅವಳು ಗಂಡನಿಗೂ ಹೇಳಿದಳು. ನಮ್ಮೂರಲ್ಲಿ ಗಂಡನ ಪ್ರೇಮಗೀತೆಗೆ ಹೆಂಡತಿ ಬಿಕ್ಕಳಿಸದೆ ಕೂತರೆ ಅರ್ಥ ಒಂದೇ, ಅವನಿಗೆ ಇನ್ನೊಬ್ಬಳಿದ್ದಾಳೆ. ಕಳ್ಳ ಎನ್ನಿಸಿಕೊಳ್ಳುವುದೋ, ಲಂಪಟ ಎನ್ನಿಸಿಕೊಳ್ಳುವುದೋ ಎಂದು ತ್ರಿಯಂಬಕ ತೂಗಿ ನೋಡತೊಡಗಿದ. ಒಂದು ದಿನ ನಮ್ಮ ಮನೆಗೆ ಬಂದು, ಮೂರನೆಯ ದಾರಿಯೊಂದು ಹೊಳೆದಿದೆ ಎಂದ. ಹೆಂಡತಿಗಾಗಿ ನಿಜವಾಗಿಯೂ ಒಂದು ಹೊಸ ಹಾಡು ಕಟ್ಟಿ ಬೆಳ್ಳಿಹಬ್ಬದಲ್ಲಿ ಅದನ್ನೇ ಹಾಡಿಬಿಡುವುದು. ಆಗ ಅವಳಿಗೆ ತಾನಾಗಿಯೇ ಬಿಕ್ಕಳಿಕೆ ಬರುತ್ತದೆ, ಹಳೆಯದು ಮರೆತುಹೋಗುತ್ತದೆ.

"ಇಷ್ಟು ವರ್ಷ ಇಂಥದ್ದೊಂದು ಯಾಕೆ ಕಟ್ಟಲಿಲ್ಲ ಮಾರಾಯ?" ಎಂದೆ.

"ಪುರುಸೊತ್ತು ಎಲ್ಲಿತ್ತು ಅಕ್ಕಾ, ಬರೀ ಕಛೇರಿ," ಎಂದ.

ಅವನು ತಾನೇ ಹೇಳಿಕೊಂಡು ಬಂದಿದ್ದ ಬೆಟ್ಟವನ್ನು ಜೀವಮಾನದಲ್ಲಿ ಮೊದಲ ಸಲ ಹತ್ತಿದ. ಬೆಳದಿಂಗಳಲ್ಲಿ ಕೂತು ನೆಗಡಿ ಹಿಡಿಸಿಕೊಂಡು ಇಳಿದು ಬಂದ. ಆಮೇಲೆ ಬಾಯಿಗೆ ಶುಂಠಿ ಕಷಾಯ ಹಿಡಿದುಕೊಂಡೇ ಹಾಡು ಮುಗಿಸಿದ. ಅದನ್ನು ಅವನು ಹೆಂಡತಿಯ ಮುಂದೆ ಹಾಡುವಾಗ ಸಾಕ್ಷಿಗೆಂದು ನನ್ನನ್ನೂ ಕರೆದಿದ್ದ. ಹಾಡಿನ ತುಂಬ ಚಂದ್ರ, ಕಡಲು, ರೆಕ್ಕೆ. ವಿಶಾಲಾಕ್ಷಿ ಬೆಳ್ಳುಳ್ಳಿ ಬಿಡಿಸುತ್ತ ಶ್ರದ್ಧೆಯಿಂದಲೇ ಕೇಳಿದಳು. ಅವನು ಪ್ರತಿ ಸಾಲಿಗೂ ನಿಂತು ಅವಳ ಗಂಟಲನ್ನೇ ನೋಡಿದ. ಅವಳು ಒಂದು ಸಲ ಕೆಮ್ಮಿದಾಗ ಅವನ ಮುಖ ಅರಳಿತು, ಆದರೆ ಅದು ಬೆಳ್ಳುಳ್ಳಿಯ ಸಿಪ್ಪೆ. ಮರುದಿನ ಗುರುಸಿದ್ದಪ್ಪನವರು ಶೆಡ್ಡಿಗೆ ಬಂದು, ನಿನ್ನೆ ಸಂಜೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಯಾಕೋ ಒಂದೇ ಸಮನೆ ಬಿಕ್ಕಳಿಕೆ ಬಂತಪ್ಪಾ, ಎಂದು ಎದೆ ಸವರಿಕೊಂಡರು. ಪಾಪ, ಹಾಡು ಕಟ್ಟುವಾಗ ತ್ರಿಯಂಬಕನ ತಲೆಯಲ್ಲಿದ್ದದ್ದು ಬೆಳ್ಳಿಹಬ್ಬದ ಸಮಿತಿ.

ನನ್ನ ಪುಸ್ತಕ ಅಚ್ಚಿಗೆ ಹೋಗುವ ಹೊತ್ತಾಯಿತು. ವಿಶಾಲಾಕ್ಷಿ ಬೇಡವೆಂದಿದ್ದರಿಂದ ಬೆಟ್ಟ, ಬೆಳದಿಂಗಳು ಎಲ್ಲವನ್ನೂ ಬರೆದು, ಕೊನೆಗೆ 'ಎನ್ನಲಾಗಿದೆ' ಎಂದು ಸೇರಿಸಿದೆ. ಈ ಪದವನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ನಮ್ಮ ಕಸುಬಿನವರೆಲ್ಲ ಸೇರಿ ಒಂದು ಗುಡಿ ಕಟ್ಟಿಸಬೇಕು.

ಬೆಳ್ಳಿಹಬ್ಬದ ಸಂಜೆ ಆಟದ ಮೈದಾನ ತುಂಬಿತ್ತು. ಪುಸ್ತಕ ಬಿಡುಗಡೆಯಾಯಿತು, ಪ್ರೊಫೆಸರು ಮುರುಕಿನ ಮೇಲೆ ಮಾತಾಡಿದರು, ಸಂಗೀತಶಾಲೆಯ ಮಕ್ಕಳು ಒಟ್ಟಾಗಿ ಮುರುಕು ಹಾಕಿ ತೋರಿಸಿದರು. ಆಮೇಲೆ ಫಕೀರಪ್ಪನ ಡ್ರಮ್ಮು ಗುಡುಗಿತು, ದೇವಿದಾಸನ ಗಿಟಾರು ಚೀರಿತು, ತ್ರಿಯಂಬಕ ಮೈಕು ಹಿಡಿದ. ಒಲೆಯ ಮೇಲೆ ಹಾಲಿದೆ. ಜನ ಹೋ ಎಂದರು. ಅವನ ದನಿ ಮುರಿಯಿತು, ಜನ ಮತ್ತೆ ಹೋ ಎಂದರು. ಎಲ್ಲರೂ ಅಭ್ಯಾಸಬಲದಿಂದ ಮುಂದಿನ ಸಾಲಿನ ಕಡೆ ತಿರುಗಿದರು. ವಿಶಾಲಾಕ್ಷಿ ಕೈ ಕಟ್ಟಿಕೊಂಡು ನೆಟ್ಟಗೆ ಕೂತಿದ್ದಳು. ಸೆರಗು ಹೆಗಲ ಮೇಲೇ ಇತ್ತು.

ಎರಡನೆಯ ಸಾಲಿಗೂ ಅವಳು ಬಿಕ್ಕಳಿಸಲಿಲ್ಲ. ಮೈದಾನದ ತುಂಬ ಗುಸುಗುಸು ಎದ್ದಿತು. ಹಾಗಾದರೆ ಯಾರಿಗೆ ಕಟ್ಟಿದ್ದು, ಯಾರು ಅವಳು? ಅಷ್ಟರಲ್ಲಿ ಬಲಗಡೆಯಿಂದ ಒಂದು ಹಿಕ್ ಕೇಳಿಸಿತು. ಸೀರೆ ಅಂಗಡಿಯ ಯಜಮಾನಿ, ನಾಚಿಕೊಂಡು ತಲೆ ತಗ್ಗಿಸಿದ್ದಳು. ಅವಳಿಗೆ ಬಂದ ಮೇಲೆ ತಮಗೇಕೆ ಬರಬಾರದೆಂದು ಹಿಂದಿನಿಂದ ಇನ್ನಿಬ್ಬರು ಶುರು ಮಾಡಿದರು. ಪುರಸಭೆ ಅಧ್ಯಕ್ಷರ ಹೆಂಡತಿ ಗಂಡನ ಪಕ್ಕದಲ್ಲೇ ಕೂತು ಎಷ್ಟು ಸೊಗಸಾಗಿ ಬಿಕ್ಕಳಿಸಿದಳೆಂದರೆ ಅಧ್ಯಕ್ಷರಿಗೆ ಸಿಟ್ಟು ಮಾಡಿಕೊಳ್ಳುವುದೋ ಹೆಮ್ಮೆಪಡುವುದೋ ತಿಳಿಯಲಿಲ್ಲ. ನೋಡನೋಡುತ್ತಿದ್ದಂತೆ ಮೈದಾನದ ನಾಲ್ಕೂ ಮೂಲೆಯಿಂದ ಹಿಕ್ ಹಿಕ್ ಎಂದು ಕಪ್ಪೆಗಳ ಮೇಳವೇ ಎದ್ದಿತು.

ತ್ರಿಯಂಬಕ ಹಾಡು ನಿಲ್ಲಿಸಿಬಿಟ್ಟ. ವಾದ್ಯಗಳೂ ನಿಂತವು. ಅವನು ಹೆಂಡತಿಯನ್ನೇ ನೋಡುತ್ತಿದ್ದ. ಅವಳ ಮುಖದಲ್ಲಿ ಕೋಪವಿರಲಿಲ್ಲ. ಮಗು ಹಲಗೆಯ ಮುಂದೆ ನಿಂತಾಗ ಟೀಚರು ಕಾಯುವಂತೆ ಕಾಯುತ್ತಿದ್ದಳು, ಅಷ್ಟೇ. ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ:

"ಈ ಹಾಡು ನಂದಲ್ಲ."

ತಕ್ಷಣ ಗುರುಸಿದ್ದಪ್ಪನವರು ಎದ್ದು ನಿಂತು, "ಕೊಳವೆ!" ಎಂದು ಕೂಗಿದರು. ಇಡೀ ಮೈದಾನ ಚಪ್ಪಾಳೆ ಹೊಡೆಯಿತು. ಎಂಥ ವಿನಯ, ಎಂಥ ಮನುಷ್ಯ, ಎಂದು ನನ್ನ ಪಕ್ಕದಲ್ಲಿದ್ದವರು ಕಣ್ಣೊರೆಸಿಕೊಂಡರು.

"ಅಯ್ಯೋ ಕೊಳವೆ ಅಲ್ರೋ! ನಿಜವಾಗ್ಲೂ ನಂದಲ್ಲ. ಇವಳು ಕಟ್ಟಿದ್ದು. ನನ್ನ ಹೆಂಡ್ತಿ ವಿಶಾಲಾಕ್ಷಿ ಕಟ್ಟಿದ್ದು. ನಾನು ತಗೊಂಡೆ."

"ಹೆಂಡತಿಯೇ ಸ್ಫೂರ್ತಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಚಪ್ಪಾಳೆ ಇಮ್ಮಡಿಯಾಯಿತು. ಪ್ರೊಫೆಸರು ಜೇಬಿನಿಂದ ಚೀಟಿ ತೆಗೆದು ಏನೋ ಗೀಚಿಕೊಂಡರು. ತ್ರಿಯಂಬಕ ಇನ್ನೂ ಎರಡು ಸಲ ಕಿರುಚಿದ, ಜನ ಇನ್ನೂ ಎರಡು ಸಲ ಮೆಚ್ಚಿದರು. ಇಷ್ಟು ವರ್ಷ ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ನಂಬಿದ್ದ ಊರು ನಿಜ ಹೇಳಿದಾಗ ಎಷ್ಟು ಗೋಗರೆದರೂ ನಂಬಲಿಲ್ಲ. ಕೊನೆಗೆ ಅವನು ವೇದಿಕೆಯಿಂದ ಇಳಿದು ಬಂದು ಮೈಕನ್ನು ಹೆಂಡತಿಯ ಕೈಗೆ ಕೊಟ್ಟು, "ನೀನೇ ಹಾಡು ವಿಶಾಲೂ, ಇವರಿಗೆ ಗೊತ್ತಾಗ್ಲಿ," ಎಂದ.

ಅವಳು ಎದ್ದು ನಿಂತು ಹಾಡಿದಳು. ತಾಲೀಮಿಲ್ಲದ ದನಿ, ಎಲ್ಲೂ ಮುರುಕಿಲ್ಲ. ಬೀದಿಗೆಲ್ಲ ನಿದ್ದೆ ಬಂತು ಎಂದಾಗ ಅದು ಒಬ್ಬ ಹೆಂಗಸು ದಣಿದು ಹೇಳಿದ ಮಾತೆಂದು ನನಗೆ ಮೊದಲ ಸಲ ಹೊಳೆಯಿತು. ಅವಳ ಪಕ್ಕದಲ್ಲಿ ತ್ರಿಯಂಬಕ ಬಾಯಿ ಮುಚ್ಚಿಕೊಳ್ಳದೆ, ತಲೆ ತಗ್ಗಿಸದೆ, ಎಲ್ಲರಿಗೂ ಕೇಳುವ ಹಾಗೆ ಬಿಕ್ಕಳಿಸುತ್ತ ನಿಂತಿದ್ದ. ಚೆಂದದ ಬಿಕ್ಕಳಿಕೆಯಲ್ಲ, ಭುಜ ಕುಣಿದು ಕಣ್ಣಲ್ಲಿ ನೀರು ಬರುವಂಥದ್ದು. ಡ್ರಮ್ಮಿನ ಹಿಂದೆ ಕೂತಿದ್ದ ಫಕೀರಪ್ಪ ಕೋಲುಗಳನ್ನು ಕೆಳಗಿಟ್ಟು ಕೈ ಮುಗಿದ. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಜನ ಎದ್ದು ಮನೆಗೆ ಹೊರಟರು. ದಾರಿಯಲ್ಲಿ ಎಲ್ಲರದೂ ಒಂದೇ ಮಾತು. ಹೆಂಡತಿಯ ಮರ್ಯಾದೆಗೋಸ್ಕರ ಗಂಡಸಾಗಿ ಎಷ್ಟು ಚೆನ್ನಾಗಿ ಕಳ್ಳ ಬಿಕ್ಕಳಿಕೆ ಹಾಕಿದ ನೋಡಿ, ಗಂಡ ಎಂದರೆ ಹೀಗಿರಬೇಕು. ಸೀರೆ ಅಂಗಡಿಯ ಯಜಮಾನಿ ಮಾತ್ರ ಒಂದು ವಾರ ಯಾರ ಕೈಗೂ ಸಿಕ್ಕಲಿಲ್ಲ.

ಪುಸ್ತಕ ಎರಡನೆಯ ಮುದ್ರಣಕ್ಕೆ ಬಂದಾಗ ಆ ಅಧ್ಯಾಯವನ್ನು ಬದಲಿಸಲು ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಬೆಟ್ಟವನ್ನೂ ಬೆಳದಿಂಗಳನ್ನೂ ತ್ರಿಯಂಬಕನೇ ಹೊಡೆದು ಹಾಕಿ, 'ಕಟ್ಟಿದವರು ವಿಶಾಲಾಕ್ಷಿ' ಎಂದು ತನ್ನ ಕೈಯಾರೆ ಬರೆದುಕೊಟ್ಟ. ಊರು ಅದನ್ನು ಓದಿ ಅವನ ವಿನಯವನ್ನು ಇನ್ನಷ್ಟು ಕೊಂಡಾಡುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅಷ್ಟಾದರೂ ಅವನ ಮುಖ ಹಗುರಾಗಿತ್ತು. ತಿಂಡಿ ತಿಂದೇ ಹೋಗಬೇಕೆಂದು ಹಟ ಹಿಡಿದ.

ಒಳಗೆ ವಿಶಾಲಾಕ್ಷಿ ದೋಸೆ ಹುಯ್ಯುತ್ತ ಏನೋ ಹಾಡಿಕೊಳ್ಳುತ್ತಿದ್ದಳು. ನಾನು ಕೇಳಿದ ಹಾಡಲ್ಲ. ಮಾತುಗಳೂ ಹೊಸವು, ಯಾರೋ ಊರು ಬಿಟ್ಟು ಹೊರಟವರ ಚಪ್ಪಲಿಯ ಸದ್ದು, ಬಿಸಿಲು, ನಗು. ತ್ರಿಯಂಬಕ ಪೆನ್ನು ಕೆಳಗಿಟ್ಟ. ಬೆನ್ನು ನೆಟ್ಟಗೆ ಮಾಡಿಕೊಂಡು, ಬಾಯಿ ಸ್ವಲ್ಪ ತೆರೆದು, ಗಂಟಲಿನ ಮೇಲೆ ಕೈಯಿಟ್ಟುಕೊಂಡು ಕೂತ. ಒಂದು ಸಾಲಾಯಿತು, ಇನ್ನೊಂದಾಯಿತು. ಅವನು ನನ್ನ ಕಡೆ ನೋಡಲಿಲ್ಲ. ಆ ಮನುಷ್ಯನ ಮೇಲೆ ನನಗೆ ಎಂದೂ ಹುಟ್ಟದ ಕನಿಕರ ಅವತ್ತು ಹುಟ್ಟಿತು.

ಹಾಡು ಮುಗಿಯಿತು. ಕಾವಲಿಯ ಮೇಲೆ ಹಿಟ್ಟು ಚುರ್ ಎಂದಿತು.

"ವಿಶಾಲೂ," ಎಂದು ಅವನು ಕೂಗಿದ, "ಇನ್ನೊಂದ್ ಸಲ ಹಾಡೇ. ಸರಿಯಾಗಿ ಕೇಳಿಸ್ಲಿಲ್ಲ."

ಅವಳು ಇನ್ನೊಂದು ಸಲ ಹಾಡಿದಳು. ಅವನು ಗಂಟಲಿನಿಂದ ಕೈ ತೆಗೆಯದೆ ಕೊನೆಯ ಸಾಲಿನವರೆಗೂ ಕಾದ.